ಕ್ಯಾಶ್: ಒಂದು ಉಚ್ಚಾರ, ಎರಡು ಬೇರು

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಮಾರಾಟದ ಪಟ್ಟಿ ಕೈಗೆ ಬರುವ ಹೊತ್ತಿಗೆ "ಕ್ಯಾಶಾ, ಅಕೌಂಟಿಗಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಈ ಕ್ಯಾಶ್ ನಮ್ಮ ಕಾಸಿನಿಂದಲೇ ಇಂಗ್ಲಿಷಿಗೆ ಹೋದದ್ದು ಎಂಬ ಮಾತನ್ನು ನಮ್ಮಲ್ಲಿ ಹಲವರು ಅಭಿಮಾನದಿಂದ ಹೇಳುತ್ತಾರೆ. ಇದು ಅರ್ಧ ಮಾತ್ರ ನಿಜ. ಆ ಅರ್ಧ ಯಾವುದೆಂದು ಬಿಡಿಸಿ ನೋಡುವುದು ಇಂಗ್ಲಿಷ್ ಕಲಿಯುವವರಿಗೆ ಉಪಯುಕ್ತ.

ನಗದು ಹಣ ಎಂಬ ಅರ್ಥದ ಕ್ಯಾಶ್ ಹುಟ್ಟಿದ್ದು ಪೆಟ್ಟಿಗೆಯಿಂದ. ಲ್ಯಾಟಿನ್ನಿನಲ್ಲಿ 'ಕಾಪ್ಸಾ' ಎಂದರೆ ಪೆಟ್ಟಿಗೆ. ಅದು ಇಟಾಲಿಯನ್ನಿನಲ್ಲಿ 'ಕಾಸ್ಸಾ', ಫ್ರೆಂಚಿನಲ್ಲಿ 'ಕೆಸ್' ಆಗಿ, 16ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ಹಣವಿಡುವ ಪೆಟ್ಟಿಗೆ ಎಂಬ ಅರ್ಥವನ್ನೂ ಹೊತ್ತು ತಂದಿತು. ಕ್ರಮೇಣ ಪೆಟ್ಟಿಗೆಯ ಅರ್ಥ ಮರೆಯಾಗಿ, ಒಳಗಿದ್ದ ಹಣದ ಅರ್ಥವೊಂದೇ ಉಳಿಯಿತು. ನಮ್ಮ ಅಂಗಡಿಗಳ ಗಲ್ಲಾ ಪೆಟ್ಟಿಗೆಯನ್ನು ನೆನೆದರೆ ಈ ಬದಲಾವಣೆ ವಿಚಿತ್ರವೆನಿಸುವುದಿಲ್ಲ: "ಗಲ್ಲಾದ ಮೇಲೆ ಯಾರಿದ್ದಾರೆ?" ಎಂದು ಕೇಳುವವನಿಗೆ ಬೇಕಾದದ್ದು ಹಣ ನೋಡಿಕೊಳ್ಳುವವನೇ ಹೊರತು ಪೆಟ್ಟಿಗೆಯಲ್ಲ. ಸೂಟ್‌ಕೇಸ್ ಎಂಬಲ್ಲಿನ 'ಕೇಸ್' ಕೂಡ ಇದೇ ಕಾಪ್ಸಾದ ಸಂತತಿ, ಮಾತ್ರೆ ಅಂಗಡಿಯ ಕ್ಯಾಪ್ಸೂಲು ಅದರ ಪುಟ್ಟ ರೂಪ. ಕೋರ್ಟಿನಲ್ಲಿ ನಡೆಯುವ ಕೇಸು ಮಾತ್ರ 'ಬೀಳುವುದು, ಒದಗುವುದು' ಎಂಬ ಅರ್ಥದ ಬೇರೊಂದು ಲ್ಯಾಟಿನ್ ಧಾತುವಿನದು.

ಇನ್ನು ಎರಡನೆಯ ಕ್ಯಾಶ್. ಒಳ್ಳೆಯ ಇಂಗ್ಲಿಷ್ ನಿಘಂಟುಗಳು ಇದನ್ನು ಪ್ರತ್ಯೇಕ ಪದವಾಗಿಯೇ ನಮೂದಿಸುತ್ತವೆ. ಇದರ ಅರ್ಥ ಅಲ್ಪ ಬೆಲೆಯ ನಾಣ್ಯ, ಮೂಲ ದಕ್ಷಿಣ ಭಾರತದ ಕಾಸು. ತಮಿಳಿನ ಕಾಸನ್ನು ಕೇಳಿದ ಪೋರ್ಚುಗೀಸರು ಅದನ್ನು 'ಕೈಶಾ' ಎಂದು ಬರೆದುಕೊಂಡರು, ಅವರ ಬರಹದಿಂದ ಅದು ಇಂಗ್ಲಿಷಿಗೆ ದಾಟಿತು. ಇಲ್ಲಿ ಒಂದು ಸ್ವಾರಸ್ಯವಿದೆ. ಪೋರ್ಚುಗೀಸಿನಲ್ಲಿ 'ಕೈಶಾ' ಎಂಬ ಪದ ಮೊದಲೇ ಇತ್ತು, ಅದೂ ಅದೇ ಕಾಪ್ಸಾದಿಂದ ಬಂದದ್ದು, ಅದರ ಅರ್ಥವೂ ಪೆಟ್ಟಿಗೆಯೇ. ಕಿವಿಗೆ ಬಿದ್ದ ಪರಭಾಷೆಯ ಪದಕ್ಕೆ ಮನೆಯಲ್ಲಿದ್ದ ಪದದ ಅಂಗಿ ತೊಡಿಸಿದ್ದರಿಂದಲೇ ಎರಡು ಬೇರೆ ಬೇರುಗಳು ಇಂಗ್ಲಿಷಿನಲ್ಲಿ ಒಂದೇ ಕಾಗುಣಿತಕ್ಕೆ ಬಂದು ನಿಂತವು.

ಮಲೆನಾಡಿಗೆ ಪೋರ್ಚುಗೀಸರು ಅಪರಿಚಿತರಲ್ಲ. ಕೆಳದಿ ಅರಸರ ಸೀಮೆಯ ಕಾಳುಮೆಣಸು ಅವರಿಗೆ ಬೇಕಾಗಿತ್ತು. 1623ರಲ್ಲಿ ಗೋವೆಯಿಂದ ವೆಂಕಟಪ್ಪ ನಾಯಕನ ಬಳಿಗೆ ಬಂದ ಅವರ ರಾಯಭಾರಿಯೊಡನೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಕ್ಕೇರಿಯವರೆಗೂ ಬಂದಿದ್ದ. ಆದರೆ ಆ ಪದ ಇಲ್ಲಿಂದಲೇ ಹೋಯಿತೆಂದು ಹೇಳಲು ಇಷ್ಟು ಸಾಲದು.

ಇಂಗ್ಲಿಷರ ಮದರಾಸಿನ ಲೆಕ್ಕದಲ್ಲಿ 80 ಕ್ಯಾಶ್‌ಗೆ ಒಂದು ಫನಂ, ಅಂದರೆ ಹಣ; 42 ಫನಂಗೆ ಒಂದು ಪಗೋಡ, ಅಂದರೆ ವರಾಹ. ತಿರುವಾಂಕೂರಿನಲ್ಲಿ 16 ಕ್ಯಾಶ್ ಸೇರಿದರೆ ಒಂದು ಚಕ್ರ. ಚೀನಾದ ಚೌಕ ತೂತಿನ ನಾಣ್ಯಗಳಿಗೂ ಇಂಗ್ಲಿಷರು ಇದೇ ಹೆಸರನ್ನು ಅಂಟಿಸಿದರು, ಚೀನೀಯರಿಗೆ ಅದು ಗೊತ್ತೇ ಇಲ್ಲದಿದ್ದರೂ. ನಮಗೆ ಹೆಚ್ಚು ಹತ್ತಿರದ ಸಾಕ್ಷಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯ. ಅದರ ಮೇಲೆ ಕನ್ನಡದಲ್ಲಿ 'ಮಯಿಲಿ ಕಾಸು' ಎಂದೂ ಇಂಗ್ಲಿಷಿನಲ್ಲಿ ರೋಮನ್ ಅಂಕಿಯ ಇಪ್ಪತ್ತರೊಂದಿಗೆ 'ಕ್ಯಾಶ್' ಎಂದೂ ಅಚ್ಚಾಗಿದೆ. ಕಾಸೇ ಕ್ಯಾಶ್ ಎಂಬುದಕ್ಕೆ ಟಂಕಸಾಲೆಯೇ ಒತ್ತಿದ ಮುದ್ರೆ ಅದು. ಚಿಕ್ಕಾಸು, ಪುಡಿಗಾಸು, ಬಿಡಿಗಾಸು ಎಂಬ ನಮ್ಮ ಮಾತುಗಳಲ್ಲಿ ಅಲ್ಪ ಬೆಲೆಯ ಆ ಹಳೆಯ ಅರ್ಥ ಇಂದಿಗೂ ಉಳಿದಿದೆ.

ಹಳೆಯ ಇಂಗ್ಲಿಷ್ ದಾಖಲೆಗಳನ್ನು ಓದುವಾಗ ಇವೆರಡನ್ನೂ ಬೇರ್ಪಡಿಸಲು ವ್ಯಾಕರಣವೇ ನೆರವಾಗುತ್ತದೆ. ನಗದಿನ ಕ್ಯಾಶ್ ಎಣಿಕೆಗೆ ಒಗ್ಗದ ನಾಮಪದ, ಅದರ ಹಿಂದೆ ನೇರವಾಗಿ ಸಂಖ್ಯೆ ಬರುವುದಿಲ್ಲ. ನಾಣ್ಯದ ಕ್ಯಾಶ್ ಎಣಿಕೆಗೆ ಒಗ್ಗುತ್ತದೆ, ಆದರೆ ಬಹುವಚನದಲ್ಲಿಯೂ ಸಾಮಾನ್ಯವಾಗಿ ರೂಪ ಬದಲಿಸುವುದಿಲ್ಲ. ಆದ್ದರಿಂದ 'ಇಪ್ಪತ್ತು ಕ್ಯಾಶ್' ಎಂದು ಕಂಡಲ್ಲಿ ಅದನ್ನು ಇಪ್ಪತ್ತು ಕಾಸು ಎಂದೇ ಓದಬೇಕು.

ಇಂದಿನ ಬಳಕೆಯಲ್ಲಿ ಕ್ಯಾಶ್‌ನ ಅರ್ಥವನ್ನು ನಿರ್ಧರಿಸುವುದು ಅದರ ಎದುರು ನಿಂತ ಪದ. ಕಿರಾಣಿ ಅಂಗಡಿಯಲ್ಲಿ ಎದುರಾಳಿ ಉದ್ರಿ. ಅಲ್ಲಿ ಚೆಕ್ ಕೊಟ್ಟರೂ ಫೋನಿನಿಂದ ಕಳಿಸಿದರೂ ವ್ಯಾಪಾರ ನಗದೇ. ಮಂಡಿಯ ಪ್ರಶ್ನೆಯಲ್ಲಿ ಎದುರಾಳಿ ಬ್ಯಾಂಕ್ ಖಾತೆ. ಅಲ್ಲಿ ಕ್ಯಾಶ್ ಎಂದರೆ ಕೈಗೆ ಬರುವ ನೋಟು ಮಾತ್ರ. ಅಡಿಕೆಯನ್ನು 'ಕ್ಯಾಶ್ ಕ್ರಾಪ್' ಎನ್ನುವಾಗ ಎದುರಿಗಿರುವುದು ಮನೆಯ ಊಟಕ್ಕೆಂದು ಬೆಳೆದ ಭತ್ತ. ಹಣ ಇಂದೇ ಬರುತ್ತದೋ ಆರು ತಿಂಗಳಿಗೋ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ.

ಕಂಪ್ಯೂಟರು ಮತ್ತೆ ಬೇಗ ತೆಗೆಯಲೆಂದು ಮಾಹಿತಿಯನ್ನು ಕೂಡಿಡುವ 'ಕ್ಯಾಶ್' (cache) ಉಚ್ಚಾರದಲ್ಲಿ ಮಾತ್ರ ಜೊತೆಗಾರ, ಅದು ಅಡಗಿಸಿಡುವುದೆಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು. ಗೇರುಬೀಜದ ಇಂಗ್ಲಿಷ್ ಹೆಸರಾದ 'ಕ್ಯಾಶ್ಯೂ' ಬ್ರೆಜಿಲಿನ ತುಪಿ ಭಾಷೆಯದು. ಹೆಚ್ಚು ಎಚ್ಚರ ಬೇಕಾದದ್ದು 'ಕ್ಯಾಶಿಯರ್' ಎಂಬಲ್ಲಿ. ನಾಮಪದವಾದರೆ ಗಲ್ಲಾ ನೋಡಿಕೊಳ್ಳುವವನು. ಕ್ರಿಯಾಪದವಾದರೆ ಸೇನಾಧಿಕಾರಿಯನ್ನು ಅವಮಾನಕರವಾಗಿ ವಜಾ ಮಾಡುವುದು. ಈ ಕ್ರಿಯಾಪದ ಡಚ್ ಮೂಲಕ ಬಂದದ್ದು, ಅದರ ಫ್ರೆಂಚ್ ಮೂಲಕ್ಕೆ ಮುರಿಯುವುದು, ರದ್ದುಮಾಡುವುದು ಎಂಬ ಅರ್ಥವಿದೆ. ಕಂಪನಿ ಕಾಲದ ಇತಿಹಾಸದಲ್ಲಿ ಒಬ್ಬ ಕ್ಯಾಪ್ಟನನನ್ನು 'ಕ್ಯಾಶಿಯರ್' ಮಾಡಿದರೆಂದು ಓದಿದರೆ, ಅವನಿಗೆ ಖಜಾನೆಯ ಕೆಲಸ ಸಿಕ್ಕಿತೆಂದಲ್ಲ, ಅವನ ನೌಕರಿ ಹೋಯಿತೆಂದು ತಿಳಿಯಬೇಕು.