ಟನಲ್ ಎದ್ದಿದೆ, ಫೈಲ್ ಹೋಗುತ್ತಿಲ್ಲ: ವಿಪಿಎನ್‌ನಲ್ಲಿ ಎಂಟಿಯು ಲೆಕ್ಕ

ಮೂಡಿಗೆರೆಯ ತೋಟದ ಆಫೀಸಿನಿಂದ ಹಾಸನದ ಸರ್ವರ್‌ಗೆ ವೈರ್‌ಗಾರ್ಡ್ (ಒಂದು ವಿಪಿಎನ್ ಪ್ರೋಟೋಕಾಲ್) ಟನಲ್, ಅಂದರೆ ಇಂಟರ್ನೆಟ್ ಮೇಲೊಂದು ಗೂಢಲಿಪಿಯ ಖಾಸಗಿ ದಾರಿ, ಹಾಕಿದೆ ಎನ್ನಿ. ಪಿಂಗ್‌ಗೆ (ತಲುಪಿತೇ ಎಂದು ಕೇಳುವ ಚಿಕ್ಕ ಪ್ಯಾಕೆಟ್) ಉತ್ತರ ಬರುತ್ತದೆ, ಎಸ್‌ಎಸ್‌ಎಚ್‌ನಿಂದ ದೂರದ ಸರ್ವರ್‌ಗೆ ಲಾಗಿನ್ ಆಗುತ್ತದೆ, ಲೆಕ್ಕದ ಬ್ಯಾಕಪ್ ಕಳಿಸಿದರೆ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಕೀ ತಪ್ಪಿದ್ದರೆ ಪಿಂಗೂ ಬರುತ್ತಿರಲಿಲ್ಲ. ಚಿಕ್ಕ ಪ್ಯಾಕೆಟ್ ದಾಟಿ ದೊಡ್ಡದು ಸಿಕ್ಕಿಕೊಂಡರೆ ಮೊದಲ ಅನುಮಾನ ಎಂಟಿಯು ಮೇಲೆ, ಅಂದರೆ ದಾರಿಯಲ್ಲಿ ಒಡೆಯದೆ ಹೋಗಬಲ್ಲ ಪ್ಯಾಕೆಟ್‌ನ ಗರಿಷ್ಠ ಗಾತ್ರದ ಮೇಲೆ.

ಈಥರ್ನೆಟ್ ಎಂಟಿಯು 1500 ಬೈಟ್. ವೈರ್‌ಗಾರ್ಡ್ ತನ್ನದೇ 32 ಬೈಟ್ ಸೇರಿಸುತ್ತದೆ, ಅದನ್ನು ಹೊರುವ ಯುಡಿಪಿ 8, ಹೊರಗಿನ ಐಪಿವಿ4 ಹೆಡರ್ (ವಿಳಾಸದ ಲಕೋಟೆಯಿದ್ದಂತೆ) 20: ಒಟ್ಟು 60. ಹೊರಗೆ ಐಪಿವಿ6 ಇದ್ದರೆ ಹೆಡರ್ 40, ಒಟ್ಟು 80. ವೈರ್‌ಗಾರ್ಡ್‌ನ ರೂಢಿಯ 1420 ಬಂದದ್ದು ಹೀಗೆ.

ಎಡವಟ್ಟಾಗುವುದು ಫೈಬರ್ ಸಂಪರ್ಕ ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಬಗೆ) ಆಗಿದ್ದಾಗ. ಅದು 8 ಬೈಟ್ ತಿಂದು 1492 ಉಳಿಸುತ್ತದೆ. ಐಪಿವಿ4 ಮೇಲಾದರೆ 1432ರವರೆಗೆ ಜಾಗವಿದೆ, 1420 ಸಲೀಸಾಗಿ ಹಿಡಿಸುತ್ತದೆ. ಐಪಿವಿ6 ಮೇಲೆ ಉಳಿಯುವುದು 1412 ಮಾತ್ರ. ವೈರ್‌ಗಾರ್ಡ್ ಟನಲ್ ಎಬ್ಬಿಸುವ ಡಬ್ಲ್ಯೂಜಿ-ಕ್ವಿಕ್ ತಾನೇ ಲೆಕ್ಕ ಹಾಕುತ್ತದಲ್ಲ ಎನ್ನಬಹುದು. ಅದು ರೂಟರ್‌ನ ಹಿಂದಿನ ಪಿಸಿಯಲ್ಲಿದ್ದರೆ ಅದಕ್ಕೆ ಕಾಣುವುದು 1500, ಇಡುವುದು 1420. ಐಪಿವಿ6ರಲ್ಲಿ ದಾರಿಯ ರೂಟರ್ ಪ್ಯಾಕೆಟ್ ಒಡೆಯುವುದಿಲ್ಲ, ‘ದೊಡ್ಡದಾಯಿತು’ ಎಂದು ಐಸಿಎಂಪಿವಿ6 (ಜಾಲದ ದೋಷ ತಿಳಿಸುವ ಪ್ರೋಟೋಕಾಲ್) ಸಂದೇಶ ಕಳಿಸುತ್ತದೆ. ‘ಸುರಕ್ಷತೆಗೆ’ ಎಂದು ಐಸಿಎಂಪಿಯನ್ನೆಲ್ಲ ಫೈರ್‌ವಾಲ್‌ನಲ್ಲಿ ಮುಚ್ಚಿದ್ದರೆ ಆ ಸಂದೇಶವೂ ಸಾಯುತ್ತದೆ, ಕಳಿಸುವವನಿಗೆ ತಿಳಿಯದೆ ದೊಡ್ಡ ಪ್ಯಾಕೆಟ್‌ಗಳು ಬೀಳುತ್ತಲೇ ಇರುತ್ತವೆ.

ಪರೀಕ್ಷೆ ಸುಲಭ. ಪ್ಯಾಕೆಟ್ ಒಡೆಯಬಾರದೆಂಬ ಆಯ್ಕೆ ಹಾಕಿ ಟನಲ್ ಒಳಗಿನ ಐಪಿವಿ4 ವಿಳಾಸಕ್ಕೆ ಪಿಂಗ್ ಮಾಡಿ. ಗಾತ್ರ, ಎಂಟಿಯುನಿಂದ 28 (ಐಪಿವಿ4 ಹೆಡರ್ 20, ಐಸಿಎಂಪಿ 8) ಕಳೆದದ್ದು: 1420ಕ್ಕೆ 1392, 1412ಕ್ಕೆ 1384. 1420 ಇದ್ದಾಗ ಮೊದಲನೆಯದು ಬಿದ್ದು, ಎರಡೂ ತುದಿಯಲ್ಲಿ 1412 ಇಟ್ಟಾಗ ಎರಡನೆಯದು ದಾಟಿದರೆ 1412 ಅನ್ನೇ ಉಳಿಸಿ. ಟನಲ್ ರೂಟರ್‌ನಲ್ಲೇ ಇದ್ದರೆ ಟಿಸಿಪಿ ಎಂಎಸ್‌ಎಸ್ ಅನ್ನೂ (ಒಂದು ಟಿಸಿಪಿ ಪ್ಯಾಕೆಟ್ ಹೊರುವ ದತ್ತಾಂಶದ ಮಿತಿ) 1372ಕ್ಕೆ ಕಟ್ಟಿಹಾಕಿ. ಅಂದಾಜಿಗೆ ಇಳಿಸುತ್ತಾ 1280ಕ್ಕಿಂತ ಕೆಳಗೆ ಹೋದರೆ ಟನಲ್ ಒಳಗೆ ಐಪಿವಿ6 ನಡೆಯದು.

ಉಳಿದ ಪ್ರೋಟೋಕಾಲ್‌ಗಳಿಗೂ ಇದೇ ಕಳೆಯುವ ಲೆಕ್ಕ. ಎಲ್‌2ಟಿಪಿ ಎಂಬ ಹಳೆಯ ಟನಲ್ ತಾನಾಗಿ ಗೂಢಲಿಪೀಕರಣ ಮಾಡದು. ಮೇಲೆ ಐಪಿಸೆಕ್ ಎಂಬ ಗೂಢಲಿಪಿಯ ಪದರ ಹೊದಿಸಬೇಕು, ಹಾಗಾಗಿ 1400 ಅಥವಾ ಇನ್ನೂ ಕಡಿಮೆ ಇಡುವುದು ಕ್ಷೇಮ. ಪಿಪಿಟಿಪಿ ಎಂಬ ಇನ್ನೊಂದು ಹಳೆಯ ವಿಪಿಎನ್ ಬೇಡವೇ ಬೇಡ, ಅದರ ಪಾಸ್‌ವರ್ಡ್ ಪರಿಶೀಲಿಸುವ ಎಂಎಸ್-ಚಾಪ್ ವಿ2 ಮುರಿದು ಎಷ್ಟೋ ವರ್ಷವಾಯಿತು. ಓಪನ್‌ವಿಪಿಎನ್ ಆದರೆ ಯುಡಿಪಿ ಪೋರ್ಟ್ 1194 ಇರಲಿ. ಮಳೆಗಾಲದಲ್ಲಿ ಫೈಬರ್ ಕಡಿದು 4ಜಿ ಮೇಲೆ ನಡೆಸುವಾಗ ಟಿಸಿಪಿ ಒಳಗೆ ಟಿಸಿಪಿ ಹಾಕಿದರೆ, ಒಂದು ಪ್ಯಾಕೆಟ್ ಕಳೆದರೂ ಎರಡೂ ಪದರಗಳು ಮತ್ತೆ ಕಳಿಸತೊಡಗಿ ವೇಗ ಕುಸಿಯುತ್ತದೆ.

4ಜಿಯಲ್ಲಿ ಇನ್ನೊಂದು ತೊಡಕು ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಕಂಪನಿ ಒಂದೇ ಸಾರ್ವಜನಿಕ ವಿಳಾಸ ಹಂಚುವುದು): ಸುಮ್ಮನಿದ್ದ ಯುಡಿಪಿ ದಾರಿಯನ್ನು ಅದು ಮರೆತುಬಿಡುತ್ತದೆ. ತೋಟದ ತುದಿಯಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್ (ಸುಮ್ಮನಿದ್ದಾಗಲೂ ಆಗಾಗ ಚಿಕ್ಕ ಪ್ಯಾಕೆಟ್ ಕಳಿಸುವ ಆಯ್ಕೆ) 25 ಸೆಕೆಂಡ್ ಹಾಕಿ. ಸಂಪರ್ಕ ಶುರುವಾಗಬೇಕಾದ್ದೂ ಆ ತುದಿಯಿಂದಲೇ.