ಹೆಡ್ ಹೆವಿ: ಶಟಲ್ ಬ್ಯಾಟಿನ ತಲೆಭಾರ ಅಂದರೇನು?

ಚಿಕ್ಕಮಗಳೂರಿನಲ್ಲಿ ಮಳೆ ಹಿಡಿಯಿತು ಅಂದರೆ ಹೊರಗಿನ ಆಟ ಎಲ್ಲ ಬಂದ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಉಳಿಯುವುದು ಶೀಟ್ ಹೊದಿಸಿದ ಶಟಲ್ ಕೋರ್ಟ್ ಒಂದೇ. ಬೆಳಿಗ್ಗೆ ಆರಕ್ಕೆ ಅಲ್ಲಿ ಸೇರುವ ಹತ್ತು ಹನ್ನೆರಡು ಜನರಲ್ಲಿ ಈ ವರ್ಷ ಮೂವರು ಹೊಸ ಬ್ಯಾಟ್ ತಗೊಂಡರು. ಮೂವರೂ ನನ್ನ ಹತ್ತಿರ ಕೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು. "ಅಣ್ಣಾ, ಅಂಗಡಿಯಲ್ಲಿ ಇದು ಲೈಟ್ ಬ್ಯಾಟು ಅಂದ್ರು. ಆಮೇಲೆ ಹೆಡ್ ಹೆವಿ ಅಂತಾನೂ ಅಂದ್ರು. ಲೈಟಾ, ಹೆವಿನಾ?"

ಎರಡೂ ನಿಜ. ಬ್ಯಾಟ್ ಎಷ್ಟು ತೂಗುತ್ತದೆ ಅನ್ನುವುದು ಒಂದು ಲೆಕ್ಕ. ಆ ತೂಕ ಎಲ್ಲಿ ಕೂತಿದೆ ಅನ್ನುವುದು ಇನ್ನೊಂದು. ಹೆಡ್ ಹೆವಿ ಅನ್ನುವುದು ಎರಡನೆಯದಕ್ಕೆ ಇಟ್ಟ ಹೆಸರು. ತೂಕ ಸ್ವಲ್ಪ ಜಾಸ್ತಿಯೇ ತಲೆಯ ಕಡೆ, ಅಂದರೆ ಗಟ್ಟಿಂಗ್ (ಬಲೆಯ ಹಾಗೆ ಹೆಣೆದ ದಾರ) ಇರುವ ದುಂಡನೆ ಭಾಗದ ಕಡೆ, ಸರಿದಿದೆ ಅಂತ ಅರ್ಥ. ಕನ್ನಡದಲ್ಲಿ ತಲೆಭಾರ ಅನ್ನಬಹುದು. ನೆಗಡಿಯಾದಾಗ ಆಡುವ ಮಾತೇ ಆದರೂ ಇಲ್ಲಿ ಚೆನ್ನಾಗಿ ಹೊಂದುತ್ತದೆ.

ಒಟ್ಟು ತೂಕವನ್ನು ಬ್ಯಾಟಿನ ಮೇಲೆ 'ಯು' ಅಂತ ಗುರುತಿಸಿರುತ್ತಾರೆ. ಯೋನೆಕ್ಸ್ ಕಂಪನಿಯ ಲೆಕ್ಕದಲ್ಲಿ 3ಯು ಅಂದರೆ 85ರಿಂದ 89 ಗ್ರಾಂ, 4ಯು ಅಂದರೆ 80ರಿಂದ 84, 5ಯು ಅಂದರೆ 75ರಿಂದ 79. ಅಂಕಿ ಏರಿದ ಹಾಗೆ ತೂಕ ಇಳಿಯುತ್ತದೆ. ಆದರೆ ತೂಕ ಎಲ್ಲಿ ಕೂತಿದೆ ಅನ್ನುವುದನ್ನು ಈ ಅಂಕಿ ಹೇಳುವುದಿಲ್ಲ. ಹಾಗಾಗಿ 80 ಗ್ರಾಂನ ಬ್ಯಾಟಿಗೂ ತಲೆಭಾರ ಇರಬಹುದು, 88 ಗ್ರಾಂನದ್ದು ತಲೆಹಗುರವೂ ಇರಬಹುದು.

ಮನೆಯಲ್ಲಿ ಸೌದೆ ಒಡೆಯುವ ಕೊಡಲಿ ಇದ್ದರೆ ಒಂದು ಕೆಲಸ ಮಾಡಿ. ಕಾವಿನ ತುದಿ ಹಿಡಿದು ನಿಧಾನಕ್ಕೆ ಎತ್ತಿ. ಮುಂಗೈ ಜಗ್ಗುತ್ತದೆ. ಈಗ ಜೋಪಾನವಾಗಿ ತಿರುಗಿಸಿ, ಕಬ್ಬಿಣದ ಹತ್ತಿರ ಹಿಡಿದು ಕಾವನ್ನು ಆಡಿಸಿ. ಬೆತ್ತದ ಹಾಗೆ ಹಗುರ. ಕೊಡಲಿಯ ತೂಕ ಒಂದು ಗುಲಗಂಜಿಯಷ್ಟೂ ಬದಲಾಗಿಲ್ಲ, ಅಲ್ವಾ? ಬದಲಾದದ್ದು ಭಾರ ಕೈಯಿಂದ ಎಷ್ಟು ದೂರ ಇದೆ ಅನ್ನುವುದು. ಈ ದೂರದ ಪರಿಣಾಮ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ದೂರ ಎರಡರಷ್ಟಾದರೆ ಅದೇ ಭಾರವನ್ನು ತಿರುಗಿಸುವಾಗ ಎದುರಾಗುವ ತಡೆ ನಾಲ್ಕರಷ್ಟಾಗುತ್ತದೆ. ಅದಕ್ಕೇ ಬ್ಯಾಟಿನ ತಲೆಯಲ್ಲಿ ಎರಡು ಮೂರು ಗ್ರಾಂ ಹೆಚ್ಚಾದರೂ ಕೈಗೆ ತಕ್ಷಣ ಗೊತ್ತಾಗುತ್ತದೆ.

ಅಳೆಯುವುದು ಸುಲಭ. ತೋರುಬೆರಳಿನ ಮೇಲೆ ಬ್ಯಾಟನ್ನು ಅಡ್ಡ ಇಡಿ. ಆ ಕಡೆ ಈ ಕಡೆ ಸರಿಸುತ್ತಾ ಹೋಗಿ. ಒಂದು ಜಾಗದಲ್ಲಿ ತಕ್ಕಡಿ ಹಾಗೆ ಸಮ ನಿಲ್ಲುತ್ತದೆ. ಹಿಡಿಯ ಬುಡದಿಂದ ಆ ಜಾಗಕ್ಕೆ ಟೇಪ್ ಹಿಡಿದರೆ ಬರುವುದೇ ಬ್ಯಾಲೆನ್ಸ್ ಪಾಯಿಂಟ್. ಸಾಮಾನ್ಯವಾಗಿ 285 ಮಿ.ಮೀ.ಗಿಂತ ಕಡಿಮೆ ಇದ್ದರೆ ಹೆಡ್ ಲೈಟ್, 285ರಿಂದ 295ರ ಒಳಗೆ ಈವನ್, 295 ದಾಟಿದರೆ ಹೆಡ್ ಹೆವಿ ಅನ್ನುತ್ತಾರೆ. ಕಂಪನಿಯಿಂದ ಕಂಪನಿಗೆ ಈ ಗೆರೆ ಅಷ್ಟಿಷ್ಟು ಆಚೀಚೆ ಆಗುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಬ್ಯಾಟಿನ ಉದ್ದ ಸುಮಾರು 675 ಮಿ.ಮೀ. ನಿಯಮದ ಪ್ರಕಾರ 680 ದಾಟುವ ಹಾಗಿಲ್ಲ. ಅರ್ಧ ಅಂದರೆ 337. ತಲೆಭಾರದ ಬ್ಯಾಟೂ ಸಮ ನಿಲ್ಲುವುದು 300ರ ಆಸುಪಾಸಿನಲ್ಲಿ, ಅಂದರೆ ಹಿಡಿಯ ಕಡೆಯ ಅರ್ಧದಲ್ಲೇ. ತಲೆ ಹಿಡಿಗಿಂತ ಭಾರವಾಗಿರುವ ಬ್ಯಾಟ್ ಯಾರೂ ಮಾಡುವುದಿಲ್ಲ. ಬೇರೆ ಬ್ಯಾಟಿಗೆ ಹೋಲಿಸಿದರೆ ಇದರ ತಲೆ ಸ್ವಲ್ಪ ಭಾರ, ಅಷ್ಟೇ. ಎಲ್ಲ ವ್ಯವಹಾರವೂ ಒಂದೆರಡು ಸೆಂಟಿಮೀಟರ್ ಒಳಗೇ ನಡೆಯುವುದು.

ಅಷ್ಟು ಸಣ್ಣ ಅಂತರವಾದ್ದರಿಂದಲೇ ನಾವು ಮಾಡುವ ಸಣ್ಣಪುಟ್ಟ ಕೆಲಸವೂ ಅದನ್ನು ಅಳಿಸಿಬಿಡುತ್ತದೆ. ಆ ಮೂವರಲ್ಲಿ ಒಬ್ಬ ಹುಡುಗ ಎರಡು ವಾರ ಆಡಿ ಬಂದು, "ಅಣ್ಣಾ, ಇದು ಹೆಡ್ ಹೆವಿ ಅನ್ನಿಸ್ತಾನೇ ಇಲ್ಲ" ಅಂದ. ಬೆರಳ ಮೇಲಿಟ್ಟು ಅಳೆದೆವು. 287. ಹಿಡಿ ನೋಡಿದರೆ ಬೆವರಿಗೆ ಜಾರುತ್ತದೆ ಅಂತ ಒಂದರ ಮೇಲೊಂದು ಎರಡು ಓವರ್‌ಗ್ರಿಪ್ ಸುತ್ತಿದ್ದ. ಒಂದು ಬಿಚ್ಚಿಸಿ ಮತ್ತೆ ಅಳೆದರೆ 298! ಒಂದು ಓವರ್‌ಗ್ರಿಪ್ ಸುಮಾರು 5 ಗ್ರಾಂ. ಅದೆಲ್ಲ ಬುಡದಲ್ಲೇ ಕೂರುವುದರಿಂದ ಸಮತೂಕದ ಜಾಗ ಹತ್ತು ಮಿ.ಮೀ.ಯಷ್ಟು ಕೆಳಗೆ ಜಾರುತ್ತದೆ. ಗಟ್ಟಿಂಗ್ ಇದಕ್ಕೆ ತದ್ವಿರುದ್ಧ. ತೂಕ ನಾಲ್ಕೇ ಗ್ರಾಂ ಇರಬಹುದು, ಆದರೆ ಕೂರುವುದು ತಲೆಯಲ್ಲಿ. ಅದು ಹತ್ತು ಮಿ.ಮೀ.ಗೂ ಹೆಚ್ಚು ಮೇಲಕ್ಕೆ ಒಯ್ಯುತ್ತದೆ. ಕಂಪನಿ ಕೊಡುವ ಅಂಕಿ ಸಾಮಾನ್ಯವಾಗಿ ಗಟ್ಟಿಂಗ್, ಓವರ್‌ಗ್ರಿಪ್ ಎರಡೂ ಇಲ್ಲದ ಬರೀ ಬ್ಯಾಟಿನದ್ದು. ಗಟ್ಟಿಂಗ್ ಮತ್ತು ಒಂದೇ ಒಂದು ಓವರ್‌ಗ್ರಿಪ್ ಹಾಕಿದರೆ ಒಂದಕ್ಕೊಂದು ವಜಾ ಆಗಿ ಹೆಚ್ಚುಕಡಿಮೆ ಅದೇ ಅಂಕಿಗೆ ಬಂದು ನಿಲ್ಲುತ್ತದೆ.

ಸರಿ, ತಲೆಭಾರದಿಂದ ಲಾಭ ಏನು? ಕೊಡಲಿಯದ್ದೇ ಲಾಭ. ಒಮ್ಮೆ ವೇಗ ಹಿಡಿದರೆ ಉಳಿದ ಕೆಲಸ ಭಾರವೇ ಮಾಡುತ್ತದೆ. ಹಿಂದಿನ ಗೆರೆಯಿಂದ ಹಿಂದಿನ ಗೆರೆಗೆ ಕಾಕ್ ಎತ್ತಿ ಕಳಿಸುವುದು ಸಲೀಸು. ಸ್ಮ್ಯಾಶ್‌ಗೆ ತೂಕ ಬರುತ್ತದೆ. ನಷ್ಟವೂ ಕೊಡಲಿಯದ್ದೇ. ಬೀಸಿದ್ದನ್ನು ತಡೆದು ವಾಪಸ್ ತರುವುದು ತಡ. ನೆಟ್ ಹತ್ತಿರ ಪಟಪಟ ಹೊಡೆದಾಡುವಾಗ, ಎದುರಿನವರ ಸ್ಮ್ಯಾಶ್ ಎದೆಗೆ ಬಂದಾಗ, ಆ ತಡವೇ ಪಾಯಿಂಟ್ ಕಳೆಯುತ್ತದೆ.

ಆದರೆ "ಹೆಡ್ ಹೆವಿ ಅಂದ್ರೆ ಸ್ಮ್ಯಾಶ್ ಬ್ಯಾಟು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದರು. ಆಗ ಅವರ ಕೈಯಲ್ಲಿದ್ದದ್ದು ನ್ಯಾನೋಫ್ಲೇರ್ 1000 ಝಡ್. ಅದು ತಲೆಹಗುರದ ಬ್ಯಾಟು. ಕಾಕ್‌ನ ವೇಗ ಬರುವುದು ತಲೆಯ ಭಾರ ಮತ್ತು ತಲೆಯ ವೇಗ ಎರಡೂ ಸೇರಿ. ಭಾರ ಹೆಚ್ಚಿಸಿಕೊಂಡು ವೇಗ ಕಳೆದುಕೊಂಡರೆ ಸಿಕ್ಕಿದ್ದೇನೂ ಇಲ್ಲ.

ನಡು ಹಂತದ ಆಟಗಾರರು ತಪ್ಪುವುದು ಇಲ್ಲೇ. ನಡು ಹಂತ ಅಂದರೆ ನನ್ನ ಮಟ್ಟಿಗೆ ಹೀಗೆ: ಫೋರ್‌ಹ್ಯಾಂಡ್‌ನಲ್ಲಿ ಕಾಕ್ ಹಿಂದಿನ ಗೆರೆಗೆ ಹೋಗುತ್ತದೆ, ಸ್ಮ್ಯಾಶ್ ಹತ್ತಕ್ಕೆ ಆರೇಳು ಸಲ ಕೂರುತ್ತದೆ, ಬ್ಯಾಕ್‌ಹ್ಯಾಂಡ್ ಇನ್ನೂ ಅಷ್ಟಕ್ಕಷ್ಟೆ. ನಾನೂ ಈ ಹಂತದಲ್ಲಿದ್ದಾಗ 3ಯು ತೂಕದ, ಗಟ್ಟಿ ಶಾಫ್ಟಿನ (ಹಿಡಿಗೂ ತಲೆಗೂ ನಡುವಿನ ಕಡ್ಡಿ), ತಲೆಭಾರದ ಬ್ಯಾಟ್ ತಂದೆ. ಮೊದಲ ಗೇಮ್‌ನಲ್ಲಿ ಕೈಯಲ್ಲಿ ಸುತ್ತಿಗೆ ಇದ್ದ ಹಾಗೆ ಖುಷಿ. ಮೂರನೇ ಗೇಮ್‌ಗೆ ಕಾಕ್ ಅರ್ಧ ಕೋರ್ಟಿಗೆ ಬೀಳತೊಡಗಿತು. ಬ್ಯಾಟಿನ ತಲೆ ಕಾಕ್ ಹತ್ತಿರ ಒಂದು ಕ್ಷಣ ತಡವಾಗಿ ತಲುಪುತ್ತಿತ್ತು. ಆ ತಡವನ್ನು ತುಂಬಲು ಭುಜದಿಂದ ಜಗ್ಗಿ ಹೊಡೆದೆ. ಎರಡು ತಿಂಗಳು ಬಲಭುಜ ಎತ್ತಲಾಗಲಿಲ್ಲ. ಆ ನೋವು ಇನ್ನೊಬ್ಬರಿಗೆ ಬೇಡ ಅಂತಲೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಅಲ್ಲಿ ದೊಡ್ಡ ತಪ್ಪು ಶಾಫ್ಟಿನದ್ದು. ಶಾಫ್ಟ್ ಬಾಗಿ ಚಿಮ್ಮಿದರೆ ತಾನೇ ಬಲ ಕೂಡುವುದು. ಗಟ್ಟಿ ಶಾಫ್ಟ್ ಬಾಗಬೇಕಾದರೆ ಬೀಸು ಚುರುಕಾಗಿರಬೇಕು. ನಮ್ಮಂಥವರ ಕೈಗೆ ಮೀಡಿಯಂ ಶಾಫ್ಟೇ ಸರಿ.

ಹೆಡ್ ಹೆವಿಯಲ್ಲೂ ಮೆಟ್ಟಿಲುಗಳಿವೆ. ಯೋನೆಕ್ಸ್‌ನ ಆಸ್ಟ್ರಾಕ್ಸ್ 88ರಲ್ಲಿ ಡಿ, ಎಸ್ ಅಂತ ಎರಡು ಬ್ಯಾಟ್ ಇವೆ. ಡಬಲ್ಸ್‌ನಲ್ಲಿ ಹಿಂದೆ ನಿಂತು ಹೊಡೆಯುವವರಿಗೆ ಡಿ. ಮುಂದೆ ನೆಟ್ ಕಾಯುವವರಿಗೆ ಎಸ್, ಅದರ ತಲೆಭಾರ ಕಡಿಮೆ. ನಮ್ಮ ಕಡೆ ಕೋರ್ಟ್ ಒಂದು, ಕಾಯುವವರು ಎಂಟು ಜನ, ಹಾಗಾಗಿ ಆಡುವುದೆಲ್ಲ ಡಬಲ್ಸೇ. ಹಿಂದೆ ಮುಂದೆ ಎರಡೂ ಕಡೆ ಓಡಬೇಕು. ಅದಕ್ಕೇ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು: 4ಯು ತೂಕ, 295ರಿಂದ 300ರ ಒಳಗಿನ ಬ್ಯಾಲೆನ್ಸ್, ಮೀಡಿಯಂ ಶಾಫ್ಟ್, ಗಟ್ಟಿಂಗ್ ಬಿಗಿತ 23-24 ಪೌಂಡ್. 305ರ ಮೇಲಿನದ್ದನ್ನು ಸದ್ಯಕ್ಕೆ ಮುಟ್ಟಬೇಡಿ.

ಮತ್ತೊಂದು ಮಾತು, ಇದು ನಮ್ಮೂರಿನ ಚಳಿಗೆ ಸಂಬಂಧಿಸಿದ್ದು. ಡಿಸೆಂಬರ್, ಜನವರಿಯಲ್ಲಿ ಗಿರಿ ಕಡೆಯಿಂದ ಮಂಜು ಇಳಿದಾಗ ಗಾಳಿ ತಣ್ಣಗೆ, ದಟ್ಟವಾಗಿರುತ್ತದೆ. ಕಾಕ್ ದೂರ ಹೋಗುವುದಿಲ್ಲ. ಕೈಯಲ್ಲಿ ಬಲ ಇಲ್ಲ ಅಂದುಕೊಂಡು ಜನ ತಲೆಭಾರದ ಬ್ಯಾಟ್ ಹುಡುಕಲು ಶುರು ಮಾಡುವುದು ಈ ಕಾಲದಲ್ಲೇ. ಮೊದಲು ಕಾಕ್‌ನ ಬುಡದ ಪಟ್ಟಿಯ ಬಣ್ಣ ನೋಡಿ. ಮೇವಿಸ್‌ನಂಥ ನೈಲಾನ್ ಕಾಕ್‌ನಲ್ಲಿ ಹಸಿರು ಪಟ್ಟಿ ನಿಧಾನ, ಸೆಕೆಗೆ. ನೀಲಿ ಮಧ್ಯಮ. ಕೆಂಪು ವೇಗ, ಕೊರೆಯುವ ಚಳಿಗೆ. ಹಸಿರಿನಿಂದ ನೀಲಿಗೆ ಬಂದರೆ ಅದೇ ಬ್ಯಾಟ್, ಅದೇ ಕೈ, ಕಾಕ್ ಮತ್ತೆ ಗೆರೆ ಮುಟ್ಟುತ್ತದೆ.

ಇಷ್ಟಾದ ಮೇಲೂ ತಲೆಭಾರದ್ದೇ ಬೇಕು ಅನ್ನಿಸಿದರೆ, ಸುಮ್ನೆ ಅಂಗಡಿಯಲ್ಲಿ ಗಾಳಿಗೆ ಬೀಸಿ ನೋಡಿ ಕೊಳ್ಳಬೇಡಿ. ಖಾಲಿ ಬೀಸಿದರೆ ಎಲ್ಲ ಬ್ಯಾಟೂ ಚೆಂದವೇ. ಗೆಳೆಯರದ್ದು ಒಂದು ಬೆಳಗಿನ ಮಟ್ಟಿಗೆ ಕೇಳಿ ತಗೊಳ್ಳಿ. ಮೂರು ಗೇಮ್ ಪೂರ್ತಿ ಆಡಿ. ಮೊದಲ ಸ್ಮ್ಯಾಶ್‌ನ ಸದ್ದಿಗೆ ಕಿವಿ ಕೊಡಬೇಡಿ. ಮೂರನೇ ಗೇಮ್‌ನ ಕೊನೆಗೆ, ಸ್ಮ್ಯಾಶ್ ಹೊಡೆದ ಮರುಕ್ಷಣ ಕಾಕ್ ವಾಪಸ್ ಬಂದಾಗ ನಿಮ್ಮ ಬ್ಯಾಟ್ ಎಲ್ಲಿದೆ ನೋಡಿ. ಎದೆಯ ಮಟ್ಟಕ್ಕೆ ಎದ್ದು ಬಂದಿದ್ದರೆ ಆ ಬ್ಯಾಟ್ ನಿಮ್ಮದು. ಇನ್ನೂ ಮೊಣಕಾಲ ಹತ್ತಿರವೇ ಇದ್ದರೆ ಥ್ಯಾಂಕ್ಸ್ ಹೇಳಿ ವಾಪಸ್ ಕೊಟ್ಟು, ಬ್ಯಾಲೆನ್ಸ್ ಪಾಯಿಂಟ್ ಐದು ಮಿ.ಮೀ. ಕಡಿಮೆ ಇರುವುದನ್ನು ಹುಡುಕಿ.