ಗಣ್ಯರ ಹೆಸರಿನಲ್ಲೇ ಮುಗಿಯುವ ಉಸಿರು

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಮೈಸೂರಿನ ನನ್ನ ಧ್ವನಿ ಚಿಕಿತ್ಸಾ ಕೊಠಡಿಗೆ ಶಿಕ್ಷಕರು, ಸಂಘಗಳ ಪದಾಧಿಕಾರಿಗಳು ಬರತೊಡಗುತ್ತಾರೆ. ರಾಜ್ಯೋತ್ಸವದ ಭಾಷಣ ಎದುರಿಗಿರುತ್ತದೆ. "ಮೇಡಂ, ಧೈರ್ಯ ಸಾಲದು" ಎನ್ನುತ್ತಾರೆ. ನಾನು ಕಂಡಂತೆ, ಬಹುಪಾಲು ಜನರಿಗೆ ಸಾಲದೆ ಹೋಗುವುದು ಉಸಿರು.

ಕಳೆದ ವರ್ಷ ಮಂಡ್ಯ ಕಡೆಯ ಪ್ರೌಢಶಾಲಾ ಶಿಕ್ಷಕರೊಬ್ಬರಿಗೆ ನನ್ನೆದುರೇ ಭಾಷಣ ಮಾಡಲು ಹೇಳಿದೆ. "ವೇದಿಕೆಯನ್ನು ಅಲಂಕರಿಸಿರುವ ಸನ್ಮಾನ್ಯ ಅಧ್ಯಕ್ಷರೇ" ಎಂದು ಆರಂಭಿಸಿ, ಹನ್ನೊಂದು ಗಣ್ಯರ ಹೆಸರು, ಹುದ್ದೆ, ಬಿರುದುಗಳನ್ನು ಎಲ್ಲಿಯೂ ನಿಲ್ಲದೆ ಒಪ್ಪಿಸಿದರು. ಹೆಗಲು ಮೇಲೇರಿತ್ತು, ಕತ್ತಿನ ನರ ಉಬ್ಬಿತ್ತು. ವಿಷಯಕ್ಕೆ ಬರುವಷ್ಟರಲ್ಲಿ ದನಿ ಒಡೆಯಿತು.

ಶ್ವಾಸಕೋಶದಿಂದ ಹೊರಬರುವ ಗಾಳಿಯಿಂದ ಗಂಟಲಿನ ಧ್ವನಿತಂತುಗಳು ಕಂಪಿಸುತ್ತವೆ. ಮಾತಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ ಸುಮಾರು 200 ಸಲ. ಗಾಳಿ ತೀರಿದ ಮೇಲೂ ಮಾತು ಮುಂದುವರಿಸಿದರೆ ಕತ್ತಿನ ಸ್ನಾಯುಗಳನ್ನು ಹಿಂಡಿ ದನಿ ತೆಗೆಯಬೇಕಾಗುತ್ತದೆ. ನಾವು ಅಂಜಿಕೆ ಎಂದುಕೊಳ್ಳುವ ನಡುಕ ಎಷ್ಟೋ ಸಲ ಇದೇ ಆಗಿರುತ್ತದೆ. ಆಗ ಗಂಟಲು ಕೆರೆದುಕೊಳ್ಳುವವರೇ ಹೆಚ್ಚು. ಹಾಗೆ ಮಾಡಿದರೆ ತಂತುಗಳು ಒಂದಕ್ಕೊಂದು ಬಡಿದು ಇನ್ನಷ್ಟು ಬಳಲುತ್ತವೆ. ಒಂದು ಗುಟುಕು ನೀರು ಕುಡಿಯಿರಿ, ಸಭೆ ಕಾಯುತ್ತದೆ.

ಆ ಹೆಸರುಗಳನ್ನು ನಿರೂಪಕರು ಹೇಳಿರುತ್ತಾರೆ, ಸ್ವಾಗತ ಕೋರಿದವರು ಹೇಳಿರುತ್ತಾರೆ, ವಂದನಾರ್ಪಣೆಯಲ್ಲಿ ಮತ್ತೊಮ್ಮೆ ಬರುತ್ತವೆ. "ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಎದುರಿಗಿರುವ ಬಂಧುಗಳೇ" ಎಂದರೆ ಸಾಕು ಎಂದೆ. "ಒಬ್ಬರನ್ನು ಬಿಟ್ಟರೂ ಊರಿನಲ್ಲಿ ಮಾತಾಗುತ್ತದೆ ಮೇಡಂ" ಎಂದರು ಮೇಷ್ಟ್ರು. ಊರಿನ ಆ ಕಷ್ಟ ನನಗೂ ಗೊತ್ತು. ಯಾರ ಹೆಸರನ್ನೂ ಹೇಳದಿದ್ದರೆ ಬಿಟ್ಟುಹೋದೆನೆಂದು ಯಾರೂ ನೊಂದುಕೊಳ್ಳಲಾರರು ಎಂದು ತಿಳಿಹೇಳಿದೆ.

ಮೈಕಿನದು ಚಿಕ್ಕ ವಿಷಯ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿದರೆ ಅದು ಕೀರಲು ಹೊಡೆಯುವುದು ಹೆಚ್ಚು, ಹಿಡಿಯನ್ನಷ್ಟೇ ಹಿಡಿಯಬೇಕು. ಬಾಯಿಂದ ನಾಲ್ಕು ಬೆರಳು ದೂರವಿಟ್ಟು, ಸ್ವಲ್ಪ ಪಕ್ಕಕ್ಕೆ ವಾಲಿಸಿಕೊಂಡರೆ ಪ, ಬ, ಭ ಅಕ್ಷರಗಳ ಗಾಳಿ ನೇರವಾಗಿ ಬಡಿಯುವುದಿಲ್ಲ.

ನಮ್ಮ ಭಾಗದವರನ್ನು ಹೆಚ್ಚು ಕಾಡುವುದು ಅಕಾರ, ಹಕಾರ. ಮನೆಮಾತಿನಲ್ಲಿ ಹಾಲು 'ಆಲು' ಆಗುತ್ತದೆ. ಅದು ರೋಗವಲ್ಲ, ಆಡುನುಡಿಯ ಗುಣ. ಅದಕ್ಕೆ ಸಭೆ ನಕ್ಕರೆ ನನಗೆ ಸಿಟ್ಟೇ ಬರುತ್ತದೆ. ಆದರೆ ನಕ್ಕಾರೆಂಬ ಭಯದಲ್ಲಿ ಹಕಾರವನ್ನು ಸಿಕ್ಕಲ್ಲೆಲ್ಲ ಸೇರಿಸಿ 'ಅಭಿಮಾನ'ವನ್ನು 'ಹಭಿಮಾನ' ಮಾಡಿಕೊಳ್ಳುವವರನ್ನು ಕಂಡರೆ ಸಂಕಟವಾಗುತ್ತದೆ. ಅವರಿಗೆ ನಾನು ಹೇಳುವುದಿಷ್ಟು: ಬರೆದುಕೊಂಡ ಭಾಷಣದಲ್ಲಿ ಹಕಾರವಿರುವ ಕಡೆಯಲ್ಲೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆಯಿರಿ. ಉಸಿರು ತೆಗೆದುಕೊಳ್ಳಬೇಕಾದಲ್ಲಿ ಓರೆಗೆರೆ ಹಾಕಿ. ನಂತರ ನಿಂತುಕೊಂಡು, ಗಟ್ಟಿಯಾಗಿ, ಐದಾರು ಸಲ ಓದಿ. ಮನಸ್ಸಿನಲ್ಲೇ ಓದಿಕೊಂಡರೆ ನಾಲಿಗೆಗೆ ಅಭ್ಯಾಸವಾಗುವುದಿಲ್ಲ.

ಇಷ್ಟಾಗಿಯೂ ಒಡಕು ದನಿ ಎರಡು ಮೂರು ವಾರ ಹಾಗೆಯೇ ಉಳಿದರೆ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಲೇಬೇಕು. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯ ಬಳಿಯೇ ಇದೆ. ನಮ್ಮವರು ದೂರ ಹೋಗಬೇಕಾಗಿಲ್ಲ.